ಪೆಟ್ಟಿಗೆಯ ತೋಟಾ, ಸೊಂಟದ ತೋಟಾ

ಹೋದ ವಾರ ಮೊಮ್ಮಗಳು ಊಟದ ಟೇಬಲ್ಲಿನ ಮುಂದೆ ಕೂತು ಉಗುರಿನ ಬಣ್ಣ ತೆಗೆಯುವ ಸೀಸೆಯ ಮುಚ್ಚಳ ಬಿಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ "ಥೂ!" ಅಂತ ಬಂದುಬಿಟ್ಟಿತು. "ಅಜ್ಜಿ, ಇಟ್ಸ್ ಜಸ್ಟ್ ರಿಮೂವರ್," ಅಂತ ಹುಡುಗಿ ಬೆಪ್ಪಾಗಿ ನೋಡಿದಳು. ಅವಳಿಗೇನು ಗೊತ್ತು ಪಾಪ. ಪಿಸ್ತೂಲಿನ ಮದ್ದಿನ ಹೊಸ ಡಬ್ಬಿ ತೆರೆದಾಗಲೂ ಹೆಚ್ಚು ಕಡಿಮೆ ಇದೇ ವಾಸನೆ, ಗಂಟಲಿಗೆ ಇಳಿದು ಅಲ್ಲೇ ಕೂತುಕೊಳ್ಳುವಂಥದ್ದು. ಎಂಬತ್ತರ ದಶಕದ ಒಂದು ಬೇಸಿಗೆಯಿಂದ ದಸರಾ ಮುಗಿಯುವವರೆಗೆ ನಮ್ಮ ಗರಾಜಿನಲ್ಲಿ ಅದೇ ತುಂಬಿಕೊಂಡಿತ್ತು. ಆಗ ನನಗದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ. ಹೇಸಿಗೆ ಹುಟ್ಟಿದ್ದು ಆಮೇಲೆ, ಅದು ಇನ್ನೂ ಹೋಗಿಲ್ಲ.

ನಾವಾಗ ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿದ್ದೆವು. ಬೇಸಿಗೆ ಬಂತೆಂದರೆ ಹಿಂದಿನ ಗುಡ್ಡಗಳ ಹುಲ್ಲೆಲ್ಲ ಒಣಗಿ ಹುರಿದ ರವೆಯ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಗಂಡ ಶ್ರೀಕಂಠ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು. ನಾನು ಇನ್ನೊಂದರಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ದಿನವಿಡೀ ತಪ್ಪು ಹುಡುಕುವವಳು. ಇವರ ಸ್ನೇಹಿತ ಚಂದ್ರು ಬೆಂಗಳೂರಿನ ಬಸವನಗುಡಿಯವನು, ಲಾಸ್ ಆಲ್ಟೋಸ್‌ನಲ್ಲಿ ಮನೆ ಮಾಡಿಕೊಂಡಿದ್ದ. ಅವನೇ ಒಂದು ಭಾನುವಾರ ನಮ್ಮನ್ನು ಗುಡ್ಡದಾಚೆಯ ಪಿಸ್ತೂಲು ಕ್ಲಬ್ಬಿಗೆ ಕರೆದುಕೊಂಡು ಹೋದ. ಇವರು ಎರಡು ಸಲ ಹಾರಿಸಿ, ಕಿವಿ ಗುಂಯ್ ಅನ್ನುತ್ತದೆ ಎಂದು ನೆರಳಿಗೆ ಹೋಗಿ ಕೂತರು. ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದ ನಾನು ಮಾತ್ರ ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಕ್ಲಬ್ಬಿನ ಪಂದ್ಯಗಳಲ್ಲಿ ಚಂದ್ರುವಿನ ಹೆಸರಿನ ಮೇಲೋ ಕೆಳಗೋ ನನ್ನ ಹೆಸರು ಇದ್ದೇ ಇರುತ್ತಿತ್ತು.

ಆ ವರ್ಷ ಕ್ಲಬ್ಬಿನವರು ರಾಜ್ಯದ ದೊಡ್ಡ ಪಂದ್ಯಕ್ಕೆ ನಾಲ್ಕು ಜನರ ತಂಡ ಕಳಿಸುವುದಿತ್ತು. ಮೂರು ಜಾಗ ಹಳಬರಿಗೆ ಮೀಸಲು. ನಾಲ್ಕನೆಯದು ಅಕ್ಟೋಬರ್ ಪಂದ್ಯದಲ್ಲಿ ಮುಂದೆ ಬಂದವರಿಗೆ, ಅಂದರೆ ಚಂದ್ರುವಿಗೆ ಇಲ್ಲವೇ ನನಗೆ. ಕ್ಲಬ್ಬಿನ ಯಜಮಾನ, ಆ ಹಳಬರಲ್ಲೊಬ್ಬನಾದ ಡೇಲ್, ಸದಾ ಚೂಯಿಂಗ್ ಗಮ್ ಜಗಿಯುವ ದಪ್ಪ ಮನುಷ್ಯ, ನನ್ನ ಬೆನ್ನು ತಟ್ಟಿ, "ನಿನಗ್ಯಾಕೆ ತಲೆಬಿಸಿ ಸ್ವೀಟ್‌ಹಾರ್ಟ್, ಹೆಂಗಸರಿಗೆ ಅಂತ ಬೇರೆ ಬಹುಮಾನದ ಫಲಕ ಇದ್ದೇ ಇದೆಯಲ್ಲ," ಅಂದ. ಆ ಕ್ಲಬ್ಬಿನಲ್ಲಿ ಪಂದ್ಯಕ್ಕಿಳಿಯುತ್ತಿದ್ದ ಹೆಂಗಸು ನಾನೊಬ್ಬಳೇ. ಒಬ್ಬಳೇ ಓಡಿ ಮೊದಲನೆಯವಳಾಗಿ ಬಂದು ಫಲಕ ಇಸಕೊಳ್ಳುವುದಂತೆ! ಅವನ ಫಲಕ ಯಾರಿಗೆ ಬೇಕಾಗಿತ್ತು? ನನಗೆ ಬೇಕಾಗಿದ್ದು ಆ ನಾಲ್ಕನೆಯ ಜಾಗ. ನಿದ್ದೆಯಲ್ಲೂ ಅದೇ ಕನವರಿಕೆ.

ಈ ಪಂದ್ಯದಲ್ಲಿ ಗುರಿ ಒಂದೇ ಇದ್ದರೆ ಸಾಲದು, ಹೊಡೆತಕ್ಕೆ ಬಲವೂ ಇರಬೇಕು. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಬರುವ ಅಂಕ ಒಂದು ಗೆರೆ ದಾಟಬೇಕು. ದಾಟಿದರೆ 'ಮೇಜರ್'. ದಾಟದಿದ್ದರೆ 'ಮೈನರ್', ಆಗ ಗುರಿಯ ನಟ್ಟನಡುವೆ ಬಿದ್ದದ್ದನ್ನು ಬಿಟ್ಟು ಉಳಿದ ಪ್ರತಿ ಏಟಿಗೂ ಅಂಕ ಕಡಿಮೆ. ಬಲ ಹೆಚ್ಚಾದಷ್ಟೂ ಪಿಸ್ತೂಲು ಕೈಯನ್ನು ಒದೆಯುತ್ತದೆ, ಮೂತಿ ಮೇಲಕ್ಕೆ ಹಾರುತ್ತದೆ, ಮುಂದಿನ ಏಟು ತಡವಾಗುತ್ತದೆ. ಹಾಗಾಗಿ ಎಲ್ಲರ ಕಸರತ್ತೂ ಒಂದೇ: ಗೆರೆಯನ್ನು ಕೂದಲೆಳೆಯಷ್ಟೇ ದಾಟುವ ಹಾಗೆ ತೋಟಾ ಕಟ್ಟುವುದು. ಅಂಗಡಿಯ ತೋಟಾ ನನ್ನ ಮಣಿಕಟ್ಟಿಗೆ ವಿಪರೀತ ಆಗುತ್ತಿತ್ತು. ಹಾರಿಸಿ ಬಿದ್ದ ಹಿತ್ತಾಳೆ ಚಿಪ್ಪುಗಳನ್ನು ಆಯ್ದು ತಂದು, ಅವಕ್ಕೆ ಹೊಸ ಮದ್ದು ತುಂಬಿ, ಮೇಲೆ ಸೀಸದ ಗುಂಡು ಕೂರಿಸಿ ಪ್ರೆಸ್ಸಿನಲ್ಲಿ ಒತ್ತುವುದನ್ನು ಕಲಿತದ್ದು ಅದಕ್ಕೇ.

ಗುರು ಯಾರು? ಚಂದ್ರುವೇ. ಪ್ರತಿ ಶನಿವಾರ ಬಂದು, ನಮ್ಮ ಗರಾಜಿನಲ್ಲಿ ಕುರ್ಚಿ ಎಳೆದುಕೊಂಡು ಕೂತು, ನನ್ನ ಕೈಯ ಕಾಫಿ ಕುಡಿದು ಪಾಠ ಮಾಡುತ್ತಿದ್ದ. "ನೋಡಿ ರತ್ನಾ, ಚಾಂಪಿಯನ್ನುಗಳೆಲ್ಲ ಲೈಟ್ ಬುಲೆಟ್ಟು, ಸ್ಲೋ ಪೌಡರ್ರು. ಇದರಲ್ಲಿ ಡಿಸ್ಕಷನ್ನೇ ಇಲ್ಲ. ಕಂಠಪೂರ್ತಿ ತುಂಬಿ."

ಹಗುರ ಗುಂಡು ಗೆರೆ ದಾಟಬೇಕಾದರೆ ಜೋರಾಗಿ ಓಡಬೇಕು. ಓಡಿಸಲು ನಿಧಾನವಾಗಿ ಉರಿಯುವ ಮದ್ದು ಚಿಪ್ಪಿನ ತುಂಬಾ ಬೇಕು. ಚಂದ್ರು ಹೇಳಿದ್ದು ಸುಳ್ಳಲ್ಲ, ಆದರೆ ಆ ಚಾಂಪಿಯನ್ನುಗಳ ಪಿಸ್ತೂಲಿನ ಮೂತಿಗೆ ಸೀಳು ಕೊರೆದ ಒಂದು ತುಂಡು ಸಿಕ್ಕಿಸಿರುತ್ತಾರೆ. ಮದ್ದಿನ ಹೊಗೆ ಆ ಸೀಳಿನಿಂದ ಮೇಲಕ್ಕೆ ಚಿಮ್ಮಿ ಮೂತಿಯನ್ನು ಕೆಳಕ್ಕೆ ಅದುಮುತ್ತದೆ. ಹೊಗೆ ಹೆಚ್ಚಿದ್ದಷ್ಟೂ ಅವರಿಗೆ ಒಳ್ಳೆಯದೇ. ಚಂದ್ರುವಿನ ಪಿಸ್ತೂಲಿಗೂ ಅದಿತ್ತು. ನನ್ನದು ಬೋಳು ಮೂತಿ. ಎರಡು ತಿಂಗಳು ಅವನ ಮಾತು ಕೇಳಿ ಹೊಡೆದೆ. ಮುಖದ ಮುಂದೆ ಭಗ್ ಅಂತ ಬೆಂಕಿ, ಕೈ ತೋಳೆಲ್ಲ ಮಸಿ, ಕೂದಲಲ್ಲಿ ಸರಿಯಾಗಿ ಉರಿಯದ ಮದ್ದಿನ ಚೂರು. ಮನೆಗೆ ಬಂದು ಎಷ್ಟು ಸೋಪು ಹಚ್ಚಿ ಉಜ್ಜಿದರೂ ಅನ್ನ ಕಲಸುವಾಗ ಬೆರಳಿನಿಂದ ಸುಟ್ಟ ಮದ್ದಿನ ನಾತ. ನನ್ನ ಕೈಯನ್ನು ನಾನೇ ಬಾಯಿಗಿಡಲು ಅಸಹ್ಯಪಟ್ಟು ಎಷ್ಟೋ ದಿನ ಚಮಚದಲ್ಲಿ ಉಂಡಿದ್ದೇನೆ. ಮಂಡ್ಯ ಕಡೆಯವಳಿಗೆ ಸಾರನ್ನ ಚಮಚದಲ್ಲಿ ತಿನ್ನುವ ಗತಿ!

ಆಗಸ್ಟಿನಲ್ಲಿ ಒಂದು ಶನಿವಾರ ಚಂದ್ರು ಬರಲಿಲ್ಲ. ಆ ದಿನ ಯಾರ ಮಾತೂ ಬೇಡವೆಂದು ತಲೆಕೆಳಗು ಮಾಡಿ ನೋಡಿದೆ. ಭಾರದ ಗುಂಡು, ಬೇಗ ಉರಿಯುವ ಮದ್ದು, ಅದೂ ಚಿಟಿಕೆಯಷ್ಟು. ಭಾರದ ಗುಂಡಿಗೆ ಕಡಿಮೆ ಓಟ ಸಾಕು, ತೂಕವೇ ಲೆಕ್ಕ ತುಂಬಿಕೊಡುತ್ತದೆ. ಮರುದಿನ ಕ್ಲಬ್ಬಿನಲ್ಲಿ ಮೊದಲ ಏಟು ಹೊಡೆದಾಗ ನಂಬಿಕೆಯೇ ಬರಲಿಲ್ಲ. ಒದೆತದ ಬದಲು ಯಾರೋ ಅಂಗೈಗೆ ಅಂಗೈ ಕೊಟ್ಟು ಮೆತ್ತಗೆ ಹಿಂದಕ್ಕೆ ದೂಡಿದ ಹಾಗಿತ್ತು. ಮೂತಿ ಏರಿ ತಾನಾಗಿಯೇ ಗುರಿಗೆ ಇಳಿಯಿತು. ಎದುರಿಗೆ ಗುರಿಯೆಂದು ನಿಲ್ಲಿಸಿದ್ದ ಕಬ್ಬಿಣದ ಫಲಕಗಳು ಪಟಪಟನೆ ಉರುಳಿದವು. ಅಯ್ಯೋ ದೇವರೇ, ಇಷ್ಟು ದಿನ ಯಾರದೋ ಅಳತೆಯ ರವಿಕೆ ತೊಟ್ಟು ಒದ್ದಾಡಿದೆನಲ್ಲ ಅನ್ನಿಸಿತು.

ಚಿಟಿಕೆ ಮದ್ದಿಗೆ ಅಪಾಯವೂ ಇದೆ. ಚಿಪ್ಪಿನೊಳಗೆ ಜಾಗ ಉಳಿಯುವುದರಿಂದ ಮರೆತು ಎರಡು ಸಲ ಹಾಕಿದರೂ ಹೊರಗಿನಿಂದ ತಿಳಿಯುವುದಿಲ್ಲ, ಪಿಸ್ತೂಲು ಕೈಯಲ್ಲೇ ಸಿಡಿಯುತ್ತದೆ. ಹಾಗಾಗಿ ಒಂದೊಂದು ಚಿಪ್ಪಿಗೂ ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದೆ, ಹಾಕಿದ ಮೇಲೆ ಟಾರ್ಚು ಬಿಟ್ಟು ನೋಡುತ್ತಿದ್ದೆ. ಈ ತಕ್ಕಡಿಯ ಲೆಕ್ಕ ಗ್ರೇನಿನಲ್ಲಿ. ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ ಒಂದು ಗ್ರೇನು. ಅದರಲ್ಲೂ ಹತ್ತನೆಯ ಒಂದು ಪಾಲನ್ನು ಅದು ತೋರಿಸುತ್ತಿತ್ತು. ಕ್ಲಬ್ಬಿನಲ್ಲಿ ಗುಂಡಿನ ವೇಗ ಅಳೆಯುವ ಮೆಷಿನ್ನಿತ್ತು. ಅದರ ಮುಂದೆ ಸೆಪ್ಟೆಂಬರ್ ಪೂರ್ತಿ ನಿಂತು, ಚೂರು ಏರಿಸಿ, ಚೂರು ಇಳಿಸಿ, ಕೊನೆಗೆ ಗೆರೆಗಿಂತ ಕೂದಲೆಳೆ ಮೇಲಕ್ಕೆ ತಂದು ನಿಲ್ಲಿಸಿದೆ. ಅದನ್ನು ಕೇಳಿ ಚಂದ್ರು ಮುಖ ಹುಳ್ಳಗೆ ಮಾಡಿದ. "ಏನೋಪ್ಪ, ಇದು ಅಜ್ಜಂದಿರ ಲೋಡು. ನಿಮ್ಮಿಷ್ಟ."

ಅಷ್ಟರಲ್ಲಿ ಮಂಡ್ಯದಿಂದ ನಮ್ಮ ಅತ್ತೆ ಬಂದಿದ್ದರು. ಮಗನ ಮನೆ ನೋಡಲು ಮೊದಲ ಸಲ ವಿಮಾನ ಹತ್ತಿದವರು. ಸೊಸೆ ಗರಾಜಿನಲ್ಲಿ ಮದ್ದು ತೂಗುವುದನ್ನು ಕಂಡು ಹೌಹಾರುತ್ತಾರೆ ಅಂದುಕೊಂಡಿದ್ದೆ. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ನಿಮ್ಮಾವಯ್ಯ ಇದ್ದಿದ್ರೆ ಹಂದಿ ಹೊಡ್ಯಕ್ಕೆ ನಿನ್ನನ್ನೇ ಕರ್ಕೊಂಡೋಗೋರು ಕಣವ್ವ," ಅಂದರು. ಆ ಮನೆಯಲ್ಲಿ ನನ್ನ ಹುಚ್ಚಿಗೆ ಸೈ ಅಂದವರು ಅವರೊಬ್ಬರೇ.

ಆಯುಧ ಪೂಜೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವರು ಎಲ್ಲ ಮುಗಿಸಿದ್ದರು. ಕಾರಿನ ಮೂತಿಗೆ, ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ ಗಂಧ ಕುಂಕುಮ. ಗರಾಜಿಗೆ ಹೋದರೆ ನನ್ನ ಪ್ರೆಸ್ಸಿನ ಹಿಡಿಗೆ, ತಕ್ಕಡಿಯ ಪೀಠಕ್ಕೆ, ಪಿಸ್ತೂಲಿನ ಪೆಟ್ಟಿಗೆಗೆ ಬೊಟ್ಟು, ಮೇಲೊಂದೊಂದು ಹೂವು.

"ಎಲ್ರೂ ಕುಡ್ಲು ಮಚ್ಚಿಗೆ ಮಾಡ್ತಾರೆ. ನಿಂಗೆ ದಿಟವಾದ ಆಯ್ದಾನೇ ಐತಲ್ಲವ್ವ, ಬುಡಕ್ಕಾದದಾ?" ಅಂದರು.

ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮಾರನೆಯ ಬೆಳಿಗ್ಗೆ ವಿಜಯದಶಮಿ. ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು, "ಇವತ್ತು ಕೈ ಇಕ್ಕಿದ್ ಕೆಲ್ಸ ಸೋಲಕ್ಕಿಲ್ಲ, ಕೂತ್ಕೊ," ಎಂದು ನನ್ನನ್ನು ಕೂರಿಸಿದರು. ತಕ್ಕಡಿಯ ಮುಳ್ಳನ್ನು ಪೂಜೆಗೆ ಮುಂಚೆಯೇ ಸೊನ್ನೆಗೆ ಕೂರಿಸಿಟ್ಟಿದ್ದೆ. ಹೂವು ಎತ್ತಿಟ್ಟು, ಕಣ್ಣಿಗೊತ್ತಿಕೊಂಡು, ಪಂದ್ಯಕ್ಕೆ ಬೇಕಾದ ತೋಟಾ ಅಷ್ಟನ್ನೂ ಒಂದೇ ಪಟ್ಟಿಗೆ ಕೂತು ಕಟ್ಟಿ ಮುಗಿಸಿದೆ. ಮೆಷಿನ್ನಿನ ಮುಂದೆ ಇನ್ನೊಮ್ಮೆ ನೋಡಲು ಬಿಡುವಾಗಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಚೆಕ್ಕಿಂಗ್ ಮೇಜಿನ ಮುಂದೆ ಸಾಲು. ಪ್ರತಿಯೊಬ್ಬರೂ ಪುಟ್ಟ ಪೆಟ್ಟಿಗೆಯಲ್ಲಿ ನಾಲ್ಕಾರು ತೋಟಾ ಕೊಡಬೇಕು, ಅವರು ಅದನ್ನು ನಮ್ಮದೇ ಪಿಸ್ತೂಲಿನಲ್ಲಿ ಹಾರಿಸಿ ವೇಗ ಅಳೆಯುತ್ತಾರೆ. ಪಂದ್ಯಕ್ಕೆ ಬೇಕಾದ ತೋಟಾ ನಮ್ಮ ಸೊಂಟದ ಬೆಲ್ಟಿನಲ್ಲೇ ಇರುತ್ತದೆ. ನನ್ನ ಪೆಟ್ಟಿಗೆಯನ್ನು ಡೇಲ್ ತೆಗೆದುಕೊಂಡ. ಒಂದು ಹಾರಿಸಿದ, ಇನ್ನೊಂದು, ಮತ್ತೊಂದು. ಗಮ್ ಜಗಿಯುತ್ತಲೇ, "ಮೈನರ್," ಅಂದ. ತಿಂಗಳುಗಟ್ಟಲೆ ತೂಗಿದ್ದು, ಅಳೆದದ್ದು ಎಲ್ಲ ನೀರುಪಾಲು. ಬೇಕಿದ್ದರೆ ಪಂದ್ಯ ಶುರುವಾಗುವ ಮುಂಚೆ ಇನ್ನೊಂದು ಸಲ ಕೊಡು ಅಂತ ಹೇಳಿ ಮುಂದಿನವನನ್ನು ಕರೆದ.

ಕಾರಿನ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಚಂದ್ರು ಬಂದು ಅತ್ತಿತ್ತ ನೋಡಿ ನನ್ನ ಕೈಗೆ ಒಂದು ಪೆಟ್ಟಿಗೆ ತುರುಕಿದ.

"ಅಳಬೇಡಿ ರತ್ನಾ. ಇವು ಚೆಕ್ಕಿಂಗಿಗೆ ಅಂತಲೇ ಮಾಡಿರೋದು, ಸ್ವಲ್ಪ ಹಾಟು, ಮದ್ದು ಜಾಸ್ತಿ. ಇವನ್ನ ಕೊಡಿ, ಮ್ಯಾಚಿಗೆ ನಿಮ್ಮವೇ ಹಾಕ್ಕೊಳ್ಳಿ. ಇನ್ನೂ ಸಾಫ್ಟಾಗಿ ಹೊಡೆಯುತ್ತೆ, ನಿಮಗೇ ಲಾಭ."

"ಅಂದ್ರೆ ನೀವು ಚೆಕ್ಕಿಂಗಿಗೆ ಕೊಡೋದೇ ಬೇರೆ, ಹೊಡೆಯೋದೇ ಬೇರೆ?"

"ಎಲ್ಲರೂ ಮಾಡೋದು ಅದನ್ನೇ ಕಣ್ರೀ. ಅಡ್ಜಸ್ಟ್ ಮಾಡ್ಕೋಬೇಕು."

ಇಡೀ ಬೇಸಿಗೆ ನನ್ನ ಗರಾಜಿನಲ್ಲಿ ಕೂತು ಕಂಠಪೂರ್ತಿ ತುಂಬಿ ಎಂದು ಬೋಧಿಸಿದ ಮಹಾನುಭಾವ! ನನ್ನ ಮಣಿಕಟ್ಟು ಊದಿಸಿ, ಮುಖಕ್ಕೆ ಮಸಿ ಬಳಿಸಿ, ತಾನು ಮಾತ್ರ ಸೊಂಟದಲ್ಲಿ ಪುಸ್ ಅನ್ನುವ ಮದ್ದು ಇಟ್ಟುಕೊಂಡು ಮೆರೆಯುತ್ತಿದ್ದ. ಈಗ ಈ ಪೆಟ್ಟಿಗೆಯನ್ನೂ ಪ್ರೀತಿಯಿಂದ ಕೊಡುತ್ತಿರಲಿಲ್ಲ. ಒಮ್ಮೆ ನಾನು ಇಸಕೊಂಡರೆ ಮುಂದೆ ಬಾಯಿ ತೆರೆಯುವ ಹಾಗಿಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಕೊಳಚೆ ಮುಟ್ಟಿದ ಹಾಗಾಗಿ ಪೆಟ್ಟಿಗೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟೆ.

ಪಕ್ಕದಲ್ಲೇ ಇದ್ದ ನಮ್ಮವರು ಎಲ್ಲ ಕೇಳಿಸಿಕೊಂಡಿದ್ದರು. ನಾಲ್ಕು ಮಾತು ಬೈಯುತ್ತಾರೆ ಅಂತ ಅವರ ಮುಖ ನೋಡಿದೆ. "ತಗೊಳ್ಳೇ ರತ್ನಾ," ಅಂದರು. "ಕೊಲೆ ಮಾಡು ಅಂದ್ನಾ? ಇಷ್ಟು ದಿನ ಗರಾಜಲ್ಲಿ ಕೂತಿದ್ದು ಇದಕ್ಕೇನಾ? ಎಲ್ಲಾದಕ್ಕೂ ನಿಂದೊಂದು ಹಠ."

"ರೀ, ನೀವು ಸುಮ್ನಿರಿ," ಅಂದೆ. ಚಂದ್ರುವಿಗಿಂತ ಆ ಹೊತ್ತಿನಲ್ಲಿ ಇವರ ಮೇಲೇ ಹೆಚ್ಚು ಹೇಸಿಗೆಯಾಯಿತು.

ಮೈನರ್ ಎಂದೇ ಬರೆಸಿಕೊಂಡು ಹೊಡೆದೆ. ನನ್ನ ಏಟು ತಿಂದ ಕಬ್ಬಿಣದ ಫಲಕಗಳು ಬೀಳಲೋ ಬೇಡವೋ ಎಂದು ಯೋಚನೆ ಮಾಡಿ ಬೀಳುತ್ತಿದ್ದವು. ಸಂಜೆ ಫಲಿತಾಂಶ ಓದಿದರು. ಚಂದ್ರುವಿಗೆ ನಾಲ್ಕನೆಯ ಜಾಗ, ಸ್ವಲ್ಪದರಲ್ಲಿ ಹಿಂದೆ ಬಿದ್ದ ನಾನು ರಿಸರ್ವ್. ಹೆಂಗಸರ ಫಲಕವನ್ನೂ ಕೊಟ್ಟರು. ಮನೆಗೆ ಬಂದವಳೇ ಅದನ್ನು ಕಸದ ಡಬ್ಬಿಗೆ ಎಸೆದೆ.

ಅಂದು ರಾತ್ರಿಯ ಅಡುಗೆಗೂ ಹೋಗದೆ ತಕ್ಕಡಿಯನ್ನು ಬಿಚ್ಚಿ ಕೂತೆ. ಮದ್ದು ಹಾಕುವ ಪುಟ್ಟ ತಟ್ಟೆಯನ್ನು ಎತ್ತಿ ತಿರುಗಿಸಿದರೆ ತಳದಲ್ಲಿ ಗಂಧ, ಅದರ ಮೇಲೆ ಕುಂಕುಮ, ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದು ಬೊಟ್ಟಿನ ಭಾರ! ಅಷ್ಟು ಭಾರವನ್ನು ತಕ್ಕಡಿ ಮದ್ದಿನ ಲೆಕ್ಕಕ್ಕೆ ಹಿಡಿದುಕೊಂಡಿತ್ತು. ಪ್ರತಿ ತೋಟಾದಲ್ಲೂ ಅಷ್ಟಷ್ಟು ಮದ್ದು ಕಡಿಮೆ, ಕೂದಲೆಳೆ ಮೇಲಿದ್ದದ್ದು ಕೂದಲೆಳೆ ಕೆಳಗೆ.

"ಅತ್ತೆ, ಇಲ್ಲಿಗ್ಯಾಕೆ ಬೊಟ್ಟಿಟ್ರಿ?"

"ವಳ್ಗಡೆ ಮದ್ದು ಹಾಕ್ತೀಯಲ್ಲ, ಅದು ಕೆಡ್ದಿರ್ಲಿ ಅಂತ ತಳಕ್ಕೆ ಇಕ್ದೆ ಕಣವ್ವ. ಯಾಕೆ, ಏನಾಯ್ತು?"

ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ಅವರ ಮುಖ ನೋಡಿ ನನಗೆ ನಗು ಬಂತು, ತಡೆಯಲಾಗದಷ್ಟು. ಅವರ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಇಡೀ ವರ್ಷದಲ್ಲಿ ನನ್ನ ಗೆಲುವಿಗಾಗಿ ನಿಜವಾಗಿ ಏನಾದರೂ ಮಾಡಿದವರು ಆ ಒಬ್ಬ ಮುದುಕಿ. ಚಂದ್ರುವಿನ ಪೆಟ್ಟಿಗೆಯ ವಿಷಯವನ್ನೂ ಹೇಳಿದೆ. ಅತ್ತೆಯ ಮುಖ ಸಿಂಡರಿಸಿತು. "ಥೂ, ಅವ್ನ ಜನ್ಮಕ್ಕೆ. ಸಂತೇಲಿ ಮ್ಯಾಕ್ಕೆ ಚೆಂದಾಗಿರೋ ಟಮಾಟೆ ಜೋಡ್ಸಿ ಕೆಳೀಕ್ಕೆ ಕೊಳ್ತಿದ್ ತುಂಬೋರಂಗೆ. ಇನ್ನೊಂದ್ ಕಿತಾ ಬರ್ಲಿ, ಕಾಪಿ ಕೊಟ್ಟೀಯೆ."

ಮುಂದಿನ ಭಾನುವಾರ ಡೇಲ್ ಹತ್ತಿರ ಹೋದೆ. ನನ್ನ ತೋಟಾ ಕಡಿಮೆಯಿದ್ದದ್ದು ನನ್ನದೇ ತಕ್ಕಡಿಯ ದೋಷ, ಅದಕ್ಕೆ ನನ್ನ ತಕರಾರಿಲ್ಲ, ಆದರೆ ಕೆಲವರು ಚೆಕ್ಕಿಂಗಿಗೆ ಬೇರೆ ತೋಟಾ ಕೊಡುತ್ತಾರೆ, ಅದಕ್ಕೇನು ಮಾಡುತ್ತೀಯ ಅಂತ ಕೇಳಿದೆ. ಚಂದ್ರುವಿನ ಹೆಸರು ಎತ್ತಲಿಲ್ಲ. ಡೇಲ್ ಹೊಟ್ಟೆ ಕುಣಿಸಿ ನಕ್ಕ. "ಸ್ವೀಟ್‌ಹಾರ್ಟ್, ನೀನೂ ಒಂದು ಪೆಟ್ಟಿಗೆ ಮಾಡಿಟ್ಟುಕೊಳ್ಳಬೇಕಿತ್ತು." ನನ್ನ ಸಮಾಧಾನಕ್ಕೆ ಇರಲಿ ಎಂದು ನವೆಂಬರ್ ಪಂದ್ಯದ ಚೆಕ್ಕಿಂಗ್ ಮೇಜನ್ನು ನನಗೇ ಒಪ್ಪಿಸಿದ. ತಂಡದವರೂ ಅವತ್ತು ಇನ್ನೊಮ್ಮೆ ಚೆಕ್ಕಿಂಗ್ ಕೊಡಬೇಕು. ಯಾರದಾದರೂ ಮೈನರ್ ಬಂದರೆ ಅವರು ಫೇಲು, ಆ ಜಾಗ ರಿಸರ್ವ್‌ಗೆ. ಅಂದರೆ ನನಗೆ.

ನವೆಂಬರಿನ ಆ ಭಾನುವಾರಕ್ಕೆ ಮೊದಲ ಮಳೆ ಬಂದು ಹೋಗಿ, ಒಣಗಿದ್ದ ಗುಡ್ಡಗಳಲ್ಲಿ ಅಲ್ಲಲ್ಲಿ ಹಸಿರು ಚಿಗುರಿತ್ತು. ಮೇಜಿನ ಹಿಂದೆ ಕೂತೆ. ಸಾಲಿನಲ್ಲಿ ಮೊದಲಿಗೆ ಚಂದ್ರು. ನಗುತ್ತಾ ಪೆಟ್ಟಿಗೆ ಚಾಚಿದ.

"ಪೆಟ್ಟಿಗೆ ಬೇಡ," ಅಂದೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಬೆಲ್ಟಿನಲ್ಲಿ ಇರೋದನ್ನ ಕೊಡಿ." ಬೆಲ್ಟಿನಿಂದ ತೆಗೆದುಕೊಳ್ಳಬಹುದು ಎಂದು ನಿಯಮದಲ್ಲೇ ಇತ್ತು. ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ.

ಅವನ ನಗು ಇಳಿಯಿತು. ಬಗ್ಗಿ, ಕನ್ನಡದಲ್ಲಿ ಪಿಸುಗುಟ್ಟಿದ. "ರತ್ನಾ, ತಮಾಷೆ ಸಾಕು. ಇವರೆಲ್ಲರ ಮುಂದೆ ನಮ್ಮವರೇ ನಮ್ಮವರ ಮಾನ ಕಳೀತಾರಾ?"

"ನಿಮ್ಮ ಮಾನ ಆ ಪೆಟ್ಟಿಗೇಲಿದೆ ಚಂದ್ರು, ಜೋಪಾನವಾಗಿ ಇಟ್ಕೊಳ್ಳಿ. ಬೆಲ್ಟು ಕೊಡಿ."

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಕೊಡದೆ ಗತಿಯಿರಲಿಲ್ಲ. ಅವನ ಬೆಲ್ಟಿನ ತೋಟಾವನ್ನು ಅವನ ಪಿಸ್ತೂಲಿನಲ್ಲೇ ಹಾರಿಸಿದೆ. ಮೆಷಿನ್ನಿನಲ್ಲಿ ಬಂದ ಅಂಕ ಗೆರೆಯ ಹತ್ತಿರಕ್ಕೂ ಸುಳಿದಿರಲಿಲ್ಲ. ನಮ್ಮವರು ದೂರದಿಂದ, ಸಾಕು ಬಿಡು, ಎಂದು ಕೈಸನ್ನೆ ಮಾಡುತ್ತಿದ್ದರು. "ಮೈನರ್," ಎಂದು ಗಟ್ಟಿಯಾಗಿ ಹೇಳಿ ಬರೆದೆ. ಚಂದ್ರು ಫೇಲಾದರೆ ಜಾಗ ನನ್ನದು ಅನ್ನುವುದು ನನ್ನ ತಲೆಯಲ್ಲಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು.

ಚಂದ್ರುವಿನ ಹಿಂದೆಯೇ ನಿಂತಿದ್ದ ಡೇಲ್ ಮುಂದೆ ಬಂದ. ಅವನಿಗೆ ಬೇಸರವೇನೂ ಆದಂತಿರಲಿಲ್ಲ. "ಸರಿ ಹಾಗಾದರೆ, ತಂಡಕ್ಕೆ ಸ್ವಾಗತ," ಎಂದು ಕಣ್ಣು ಮಿಟುಕಿಸಿ, ತನ್ನ ಪೆಟ್ಟಿಗೆಯನ್ನು ನನ್ನ ಮುಂದೆ ಚಾಚಿದ.

ಅದನ್ನು ತೆಗೆದುಕೊಂಡಿದ್ದರೆ ಆಗಿಹೋಗಿತ್ತು. ಇಡೀ ವರ್ಷ ಕನವರಿಸಿದ ಜಾಗ ಆಗಲೇ ನನ್ನ ಮಡಿಲಿಗೆ ಬಿದ್ದಿತ್ತು. ನಾನು ಪೆಟ್ಟಿಗೆ ಮುಟ್ಟಲಿಲ್ಲ. ಅವನ ಸೊಂಟದ ಕಡೆ ಕೈ ತೋರಿಸಿದೆ.

ಅವನ ದವಡೆ ಜಗಿಯುವುದನ್ನು ನಿಲ್ಲಿಸಿತು. ನನ್ನನ್ನು ನೋಡಿದ, ಹಿಂದೆ ನಿಂತಿದ್ದ ಸಾಲನ್ನು ನೋಡಿದ. ಸಾಲಿನಲ್ಲಿ ಒಬ್ಬಿಬ್ಬರ ಕೈ ತಮ್ಮ ಬೆಲ್ಟಿನ ಮೇಲೆ ಹೋಯಿತು. ಆಮೇಲೆ ಡೇಲ್ ಪೆಟ್ಟಿಗೆಯನ್ನು ಜೇಬಿಗಿಳಿಸಿ, ಮೆಷಿನ್ನಿನ ವೈರನ್ನು ಕಿತ್ತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮೋಡ ಬಂದರೆ ಈ ಮೆಷಿನ್ನು ಸರಿಯಾಗಿ ತೋರಿಸುವುದಿಲ್ಲ. ಇವತ್ತಿನ ಚೆಕ್ಕಿಂಗ್ ರದ್ದು. ಈಗ ಮಾಡಿದ್ದೂ ಲೆಕ್ಕಕ್ಕಿಲ್ಲ."

ಚಂದ್ರು ತನ್ನ ಬೆಲ್ಟನ್ನು ಎತ್ತಿಕೊಂಡು ಸೊಂಟಕ್ಕೆ ಬಿಗಿದ. ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿ, ಹೌದು ಹೌದು, ಎಂದು ತಲೆಯಾಡಿಸಿದರು. ನಾನೂ ತಲೆಯೆತ್ತಿದೆ. ಗುಡ್ಡದ ಈ ತುದಿಯಿಂದ ಆ ತುದಿಯವರೆಗೆ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.